ಗೋಡೆ ಮೇಲಿನ ಜೆ.ಓ.ಸಿ. ಸರ್ಟಿಫಿಕೇಟು

ಮೊನ್ನೆ ಊರಿಗೆ ಹೋದಾಗ ನ್ಯಾಮತಿಯಲ್ಲಿ ದೊಡ್ಡಪ್ಪನ ಮಗನ ಅಂಗಡಿಗೆ ಹೋಗಿದ್ದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡ್ತಾನೆ. ಗೋಡೆ ಮೇಲೆ ದೇವರ ಫೋಟೋ ಪಕ್ಕದಲ್ಲೇ ಹಳದಿಗೆ ತಿರುಗಿದ ಜೆ.ಓ.ಸಿ. ಸರ್ಟಿಫಿಕೇಟು. "ಇದನ್ನ ಇನ್ನೂ ಇಟ್ಕೊಂಡಿದೀಯಾ ಅಣ್ಣಾ?" ಅಂದೆ. "ಲೇ ತಮ್ಮಾ, ಅನ್ನ ಹಾಕಿದ್ದು ಅದೇ" ಅಂದ.

ಜೆ.ಓ.ಸಿ. ಅಂದ್ರೆ ಜಾಬ್ ಓರಿಯೆಂಟೆಡ್ ಕೋರ್ಸು. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷ. ವೈರಿಂಗ್, ವಾಚ್ ರಿಪೇರಿ, ರೇಷ್ಮೆ, ಅಕೌಂಟ್ಸ್... ಹೀಗೆ.

ಇದು ದಿಢೀರ್ ಅಂತ ಹುಟ್ಟಿದ್ದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಪಾಠ ಆಗಬೇಕು ಅಂದರು. 1943ರಲ್ಲಿ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು, ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. 1952-53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳು ಬೇಕು ಅಂದಿತು. 1964-66ರ ಕೊಠಾರಿ ಆಯೋಗವೂ ಹೆಚ್ಚುಕಮ್ಮಿ ಅದೇ ರಾಗ ಹಾಡಿತು. ಕರ್ನಾಟಕದಲ್ಲಿ ಪಿಯುಸಿ ಹಂತಕ್ಕೆ ವೃತ್ತಿಶಿಕ್ಷಣ ಬಂದಿದ್ದು 1977-78ರಲ್ಲಿ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ ಏನು ಗೊತ್ತಾ? ಪಿಯುಸಿ ಹಂತದ ಶೇ. 10ರಷ್ಟು ಮಕ್ಕಳು 1990ರೊಳಗೆ, ಶೇ. 25ರಷ್ಟು 1995ರೊಳಗೆ ವೃತ್ತಿ ಕೋರ್ಸಿಗೆ! 1992ರಲ್ಲಿ ಅದನ್ನೇ ಐದೈದು ವರ್ಷ ಮುಂದೆ ಹಾಕಿದರು. :)

ನಮ್ಮ ಕಡೆ ಕೆಲಸಕ್ಕೇನೂ ಬರವಿರಲಿಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ, ಸೂಳೆಕೆರೆ ನೀರು. ಹೊನ್ನಾಳಿಯಲ್ಲಿ ತುಂಗಭದ್ರೆ ದಂಡೆಯ ಭತ್ತ. ಜಗಳೂರಲ್ಲಿ ಮಳೆ ನಂಬಿದ ಹೊಲ, ಬೋರ್‌ವೆಲ್. ಮೋಟಾರ್ ಸುಟ್ಟರೆ ಎಲ್ಲ ಕಡೆ ರಿವೈಂಡಿಂಗ್ ಮಾಡೋನು ಬೇಕೇ ಬೇಕು.

ಆದರೆ ಮಾರ್ಕ್ಸ್ ಕಡಿಮೆ ಬಂದೋರನ್ನ ಇಲ್ಲಿಗೆ ತಳ್ಳಿದರು. ಪಾಠ ಮಾಡೋರು ಹೆಚ್ಚಿನವರು ಅರೆಕಾಲಿಕರು. ಅಣ್ಣ ಒಂದು ಆಫೀಸಿಗೆ ಅರ್ಜಿ ಹಾಕಿದಾಗ "ಪಿಯುಸಿ ಮಾರ್ಕ್ಸ್ ಕಾರ್ಡ್ ತಗೊಂಡು ಬಾ" ಅಂತ ವಾಪಸ್ ಕಳಿಸಿದ್ದರಂತೆ. ಕೊನೆಗೆ ಕೋರ್ಸುಗಳೇ ಮುಚ್ಚಿದವು. ಆ ಅರೆಕಾಲಿಕರನ್ನ ಸರ್ಕಾರಿ ಸೇವೆಗೆ ತಗೊಳ್ಳೋಕೆ 2011ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು.

ಈಗ ಅದೇ ಆಸೆ ಬೇರೆ ಹೆಸರಲ್ಲಿ ಬಂದಿದೆ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ಕ್ಲಾಸಿನಿಂದ ತೃತೀಯ ಭಾಷೆ ಬದಲು ಆಟೋಮೊಬೈಲ್, ಐಟಿ ಥರದ ವಿಷಯ ತಗೋಬಹುದು. 2020ರ ನೀತಿಯ ಗುರಿ ಇನ್ನೂ ದೊಡ್ಡದು: 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯ.

ಅಣ್ಣನ ಮಗಳು ಈಗ ಎಂಟನೇ ಕ್ಲಾಸು. "ಮುಂದಿನ ವರ್ಷ ಆಟೋಮೊಬೈಲ್ ತಗೊಳ್ಲಾ ಅಪ್ಪಾ?" ಅಂತ ಕೇಳಿದಳು. ಅನ್ನ ಹಾಕಿದ ಸರ್ಟಿಫಿಕೇಟನ್ನ ದೇವರ ಪಕ್ಕ ತೂಗಹಾಕಿದ ಅಣ್ಣ ತಲೆ ಎತ್ತದೆ, ತಂತಿ ಸುತ್ತುತ್ತಲೇ, "ಬ್ಯಾಡ, ಸುಮ್ನೆ ಹಿಂದಿ ಓದು" ಅಂದ.

ಇಂಜಿನಿಯರಿಂಗ್‌ನಲ್ಲಿ ಒಂದು ಸೆಮಿಸ್ಟರ್ ವರ್ಕ್‌ಶಾಪಲ್ಲಿ ಕಬ್ಬಿಣ ಉಜ್ಜಿ ಮರೆತ ನಾನು ಏನು ಹೇಳಲಿ? ಸುಮ್ಮನೆ ಟೀ ಕುಡಿದೆ.

ನಿಮ್ಮೂರಲ್ಲೂ ಜೆ.ಓ.ಸಿ. ಓದಿದವರು ಇದ್ದಾರಾ? ತಮ್ಮ ಮಕ್ಕಳಿಗೆ ಅವರು ಏನು ಹೇಳ್ತಾರೆ?