ಲೆಕ್ಕಕ್ಕೆ ಬಾರದ ದುಡಿಮೆ

ಒಂದು ನಾಡಿನಲ್ಲಿ ದುಡಿಯುವವರು ಎಷ್ಟು ಮಂದಿ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸುಲಭವಾದುದು; ಆದರೆ ಅದರ ಉತ್ತರವು ಕೇಳುವವರು ಕೇಳುವ ರೀತಿಯನ್ನು ಅನುಸರಿಸಿ ಬದಲಾಗುತ್ತದೆ. ಬೆಳ್ಳಾವಿ ಹೋಬಳಿಯಂಥ ರಾಗಿಯ ಸೀಮೆಯಲ್ಲಿ ಕಳೆ ಕೀಳುವುದು, ಕುಯಿಲು, ಒಕ್ಕಣೆ, ದನಕರುಗಳ ಪಾಲನೆ ಇವುಗಳಲ್ಲಿ ಹೆಂಗಸರ ಕೈ ಸೇರದ ಕೆಲಸವೇ ವಿರಳ. ಹೀಗಿದ್ದರೂ ಸರಕಾರದ ಪಟ್ಟಿಗಳಲ್ಲಿ ಇವರು ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುತ್ತಾರೆ. ಇದರ ಕಾರಣವು ವಿಚಾರಾರ್ಹವಾದುದು.

1800ರಲ್ಲಿ ತುಮಕೂರು, ಗುಬ್ಬಿ, ಶಿರಾಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯ ಕಸುಬುಗಳನ್ನು ವಿವರವಾಗಿ ಬರೆದಿಟ್ಟನು. ಹೆಂಗಸರು ವಾರದ ಸಂತೆಯಲ್ಲಿ ಹತ್ತಿಯನ್ನು ಕೊಂಡು, ಮನೆಯಲ್ಲಿ ನೂತು, ನೂಲನ್ನು ಸಂತೆಯಲ್ಲಿಯೇ ನೇಕಾರರಿಗೆ ಮಾರುತ್ತಿದ್ದುದನ್ನು ಅವನು ಬೆಂಗಳೂರಿನ ಪ್ರಕರಣದಲ್ಲಿ ಹೇಳಿರುವನು. ಮುಂದೆ ಗಿರಣಿಯ ನೂಲು ಬಂದು ರಾಟೆಯ ಸಂಪಾದನೆಯನ್ನು ಕಿತ್ತುಕೊಂಡಿತು. ಹೆಂಗಸರ ಕೈಗೆ ನೇರವಾಗಿ ಬರುತ್ತಿದ್ದ ಕಾಸು ಹೋಯಿತು. ಹೊಲಮನೆಗಳ ಕೆಲಸ ಮಾತ್ರ ಉಳಿಯಿತು.

1876–78ರ ಮಹಾಕ್ಷಾಮವು ಮೈಸೂರನ್ನು ಬರಿದು ಮಾಡಿತು. 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರ ಖಾನೇಷುಮಾರಿಯಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಆ ಕಾಲದ ಪರಿಹಾರ ಕಾಮಗಾರಿಗಳಲ್ಲಿ ಹೆಂಗಸರೂ ಮಣ್ಣು ಹೊತ್ತರು. ಅಲ್ಲಿ ಗಂಡಸು, ಹೆಂಗಸು, ಮಕ್ಕಳು ಎಂದು ಕೂಲಿಯ ದರ ಬೇರೆ ಬೇರೆಯಾಗಿದ್ದಿತು. ದರವು ಕಡಿಮೆಯಾದರೂ ಲೆಕ್ಕವಂತೂ ಇದ್ದಿತು. ಕೂಲಿ ಇದ್ದಲ್ಲಿ ಹೆಂಗಸು ಪಟ್ಟಿಗೆ ಬರುವಳು; ಸ್ವಂತ ಹೊಲದಲ್ಲಿ ದುಡಿದರೆ ಬಾರಳು.

ಸ್ವಾತಂತ್ರ್ಯಾನಂತರದ ಜನಗಣತಿಗಳು ಈ ಮಾತಿಗೆ ಸಾಕ್ಷಿಯಾಗಿವೆ. ಬೇಸಾಯದ ಹಂಗಾಮಿನ ಹೆಚ್ಚು ಭಾಗದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಿ ಕ್ರಮವಾಗಿ ದುಡಿದವರನ್ನೆಲ್ಲ 1961ರಲ್ಲಿ ಕೆಲಸಗಾರರೆಂದು ಎಣಿಸಿದರು. ಭಾರತದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 28 ಮಂದಿ ಪಟ್ಟಿಗೆ ಬಂದರು. 1971ರಲ್ಲಿ ಮುಖ್ಯವಾದ ಕಸುಬು ಯಾವುದೆಂದು ಕೇಳಲಾಗಿ, ಆ ಸಂಖ್ಯೆಯು ಅರ್ಧದಷ್ಟಕ್ಕೆ ಕುಸಿಯಿತು. ಹತ್ತು ವರ್ಷಗಳಲ್ಲಿ ಇಷ್ಟು ಮಂದಿ ಹೆಂಗಸರು ಕುಡುಗೋಲನ್ನು ಕೆಳಗಿಟ್ಟರೆಂದು ಯಾರು ತಾನೆ ನಂಬುವರು? ಮನೆವಾರ್ತೆಯೇ ಮುಖ್ಯವೆಂದು ಉತ್ತರ ಬಂದಲ್ಲಿ ಹೊಲದ ದುಡಿಮೆ ಬಿಟ್ಟುಹೋಯಿತು. ಈ ಕೊರತೆಯನ್ನು ನೀಗಲು 1981ರಲ್ಲಿ ಅಲ್ಪಾವಧಿ ಕೆಲಸಗಾರರೆಂಬ ವರ್ಗವನ್ನು ಸೇರಿಸಿದರು. 1991ರಲ್ಲಿ ಸ್ವಂತ ಜಮೀನಿನಲ್ಲಿ ಕೂಲಿಯಿಲ್ಲದೆ ದುಡಿಯುವುದೂ ಕೆಲಸವೇ ಎಂಬುದನ್ನು ಪ್ರಶ್ನೆಯಲ್ಲಿಯೇ ಸ್ಪಷ್ಟಪಡಿಸಿದರು.

ಈಚಿನ ಅಂಕಿಗಳನ್ನೂ ಇದೇ ಎಚ್ಚರದಿಂದ ಓದಬೇಕು. ಭಾರತ ಸರಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ, ಹದಿನೈದು ವರ್ಷ ಮೀರಿದ ಸ್ತ್ರೀಯರಲ್ಲಿ ಕೆಲಸದಲ್ಲಿರುವವರೂ ಕೆಲಸವನ್ನು ಅರಸುವವರೂ ಸೇರಿ 2017–18ರಲ್ಲಿ ನೂರಕ್ಕೆ 23.3 ಇದ್ದುದು 2023–24ರಲ್ಲಿ 41.7 ಆಯಿತು. ಈ ಏರಿಕೆಯ ದೊಡ್ಡ ಪಾಲು ಹಳ್ಳಿಗಳದು. ಅದರಲ್ಲಿಯೂ ಸ್ವಂತ ಕಸುಬಿನವರದು ಮತ್ತು ಮನೆತನದ ಬೇಸಾಯ ವ್ಯಾಪಾರಗಳಲ್ಲಿ ಸಂಬಳವಿಲ್ಲದೆ ನೆರವಾಗುವವರದು. ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ 2014ರಲ್ಲಿ ಆಹಾರ ಪಾರ್ಕು ಆರಂಭವಾಯಿತು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವವಳಿಗೂ ಹೊಲದಲ್ಲಿ ಹೆಸರಿಲ್ಲದೆ ದುಡಿಯುವವಳಿಗೂ ಸಮೀಕ್ಷೆಯಲ್ಲಿ ಎಣಿಕೆ ಒಂದೇ. ತಿಂಗಳ ಕೊನೆಯಲ್ಲಿ ಕೈಗೆ ಬರುವುದು ಒಂದೇ ಅಲ್ಲ.

ಎಣಿಕೆಯೆಂಬುದು ಬರಿಯ ಕಾಗದದ ಸಂಗತಿಯೆಂದು ಉದಾಸೀನ ಮಾಡಲಾಗದು. ರೈತನೆಂದು ಬರೆಸಿಕೊಂಡವನಿಗೆ ಸಾಲ, ವಿಮೆ, ಪರಿಹಾರಗಳು ದೊರೆಯುವುವು. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು ಅದೇ ಹೊಲವನ್ನು ಬೆಳೆದರೂ ಹೊರಗಿನವಳು. ಆದಕಾರಣ ದುಡಿಯುವವರ ಸಂಖ್ಯೆ ಏರಿತೆಂದೋ ಇಳಿಯಿತೆಂದೋ ಕೇಳಿದಾಗ, ಎಣಿಸಿದವರು ಏನನ್ನು ಕೇಳಿದರೆಂಬುದನ್ನು ವಾಚಕರು ಮೊದಲು ವಿಚಾರಿಸುವುದು ಯುಕ್ತವಾಗಿದೆ.