ಸಣ್ಣ ಟ್ರಕ್ ಮೇಲೆ ಮೇಲೇಳುವ ಮನೆ: ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಅಪಾಯವೆಷ್ಟು?

ಟಾಟಾ ಏಸ್‌ನಂಥ ಸಣ್ಣ ಟ್ರಕ್ ಹಿಂದೆ ಒಂದು ಪೆಟ್ಟಿಗೆ. ಚಾವಣಿ ಮೇಲಕ್ಕೆ ತಳ್ಳಿದರೆ ನಿಲ್ಲುವಷ್ಟು ಎತ್ತರದ ಕೋಣೆ, ಒಳಗೆ ಹಾಸಿಗೆ, ಒಲೆ, ದೀಪ. ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಜೊತೆಗೆ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ: "ಮನೆಯಲ್ಲೇ ಮಾಡಬಹುದು", "ಕಳಚಿ ಇಡುವಂತಿದ್ದರೆ ಆರ್‌ಟಿಒ ತೊಂದರೆ ಇಲ್ಲ", "ಚಳಿಗೆ ಒಳಗೆ ಇದ್ದಿಲು ಹಚ್ಚಿ, ಕಿಟಕಿ ಸ್ವಲ್ಪ ತೆರೆದರೆ ಸಾಕು".

ಚುಟುಕಾಗಿ ಉತ್ತರ: ಮೊದಲನೆಯದು ನಿಜ. ಎರಡನೆಯದು ಅರ್ಧ ಸತ್ಯ. ಮೂರನೆಯದು ಜೀವ ತೆಗೆಯುವ ಸುಳ್ಳು.

ಇದು ನಿಜವಾಗಿ ಸಾಧ್ಯವೇ?

ಸಾಧ್ಯ. ತಮಿಳುನಾಡಿನ ವಿನ್ಯಾಸಕಾರ ಎನ್.ಜಿ. ಅರುಣ್ ಪ್ರಭು ಆಟೋರಿಕ್ಷಾ ಮೇಲೆ 36 ಚದರ ಅಡಿಯ ಪುಟ್ಟ ಮನೆ ಕಟ್ಟಿದ್ದರು. 2021ರಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಟ್ವಿಟರ್‌ನಲ್ಲಿ ಹಂಚಿಕೊಂಡ ಮೇಲೆ ಆ ಚಿತ್ರ ದೇಶವೆಲ್ಲಾ ಸುತ್ತಿತು. ಅಂದರೆ ಚಿತ್ರ ಸುಳ್ಳಲ್ಲ. ಆದರೆ ಚಿತ್ರದಲ್ಲಿ ಕಾಣದ ಒಂದು ವಿಷಯವಿದೆ, ಅದು ತೂಕ.

ತೂಕದ ಲೆಕ್ಕ

ಸಂಜಯನಗರದ ರಸ್ತೆಗಳಲ್ಲಿ ನೀರಿನ ಕ್ಯಾನ್, ತರಕಾರಿ, ಮನೆ ಸಾಮಾನು ಹೊತ್ತು ಓಡಾಡುವ ಸಣ್ಣ ಟ್ರಕ್‌ಗಳನ್ನು ನೋಡಿ. ಹಿಂದಿನ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿ ಅಗಲ. ಹೊರುವ ಸಾಮರ್ಥ್ಯ ಹೆಚ್ಚಿನ ಮಾದರಿಗಳಲ್ಲಿ 700ರಿಂದ 750 ಕಿಲೋ ಆಸುಪಾಸು. ನಿಮ್ಮ ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಕುಳಿತವರ ತೂಕವನ್ನೂ ಇದರಲ್ಲೇ ಸೇರಿಸುವುದು ಸುರಕ್ಷಿತ.

7x5 ಅಡಿ ತೊಟ್ಟಿಗೆ ಮೂರೂವರೆ ಅಡಿ ಎತ್ತರದ ಪೆಟ್ಟಿಗೆ ಮಾಡಲು 8x4 ಅಡಿಯ ಸುಮಾರು 5 ಹಾಳೆ ಬೇಕು. ಈಗ ಎರಡು ಲೆಕ್ಕ ನೋಡೋಣ.

ಭಾರದ ದಾರಿ:
- 18 ಮಿ.ಮೀ. ಪ್ಲೈವುಡ್ 5 ಹಾಳೆ: ಸುಮಾರು 160 ಕಿಲೋ
- ಒಂದಿಂಚಿನ ಚೌಕ ಕಬ್ಬಿಣದ ಪೈಪ್ 40 ಮೀಟರ್: ಸುಮಾರು 48 ಕಿಲೋ
- 250 ಲೀಟರ್ ನೀರು: 250 ಕಿಲೋ
- ಇನ್ವರ್ಟರ್‌ಗೆ ಬಳಸುವ ದೊಡ್ಡ ಸೀಸದ ಬ್ಯಾಟರಿ: ಸುಮಾರು 60 ಕಿಲೋ
- ಇಬ್ಬರು ಮನುಷ್ಯರು: 140 ಕಿಲೋ
- ಹಾಸಿಗೆ, ಪಾತ್ರೆ, ಬಟ್ಟೆ: 100 ಕಿಲೋ

ಒಟ್ಟು 758 ಕಿಲೋ. ಗಾಡಿ ಹೊರಡುವ ಮೊದಲೇ ಮಿತಿ ಮೀರಿತು.

ಹಗುರದ ದಾರಿ: ಫೋಮ್ ಹಲಗೆ 75, ಅಲ್ಯೂಮಿನಿಯಂ ಪೈಪ್ 16, ನೀರು 40, ಲಿಥಿಯಂ ಬ್ಯಾಟರಿ 13, ಮನುಷ್ಯರು ಮತ್ತು ಸಾಮಾನು 240. ಒಟ್ಟು 384 ಕಿಲೋ. ಅಂದರೆ ಸಾಮರ್ಥ್ಯದ ಅರ್ಧ. ಬ್ರೇಕ್, ಸ್ಪ್ರಿಂಗ್, ಟೈರ್ ಮೂರಕ್ಕೂ ಉಸಿರಾಡಲು ಜಾಗ ಉಳಿಯಿತು.

ಫೋಮ್ ಹಲಗೆ ಗಟ್ಟಿಯಾಗಿರುತ್ತದೆಯೇ?

ಬರೀ ಫೋಮ್ ಬೆರಳಲ್ಲಿ ಒತ್ತಿದರೂ ಕುಸಿಯುತ್ತದೆ. ಆದರೆ 25 ಮಿ.ಮೀ. ಫೋಮಿನ ಎರಡೂ ಬದಿಗೆ 3 ಮಿ.ಮೀ. ತೆಳು ಪ್ಲೈವುಡ್ ಅನ್ನು ಅಂಟಿನಿಂದ ಪೂರ್ತಿ ಕೂಡಿಸಿದರೆ ಕಥೆ ಬದಲಾಗುತ್ತದೆ. ಹಲಗೆ ಬಾಗುವಾಗ ಒಂದು ಪದರ ಎಳೆಯಲ್ಪಡುತ್ತದೆ, ಇನ್ನೊಂದು ಒತ್ತಲ್ಪಡುತ್ತದೆ. ಈ ಎರಡು ಪದರಗಳ ನಡುವಿನ ಅಂತರ ದುಪ್ಪಟ್ಟಾದರೆ ಬಾಗದಿರುವ ಗುಣ ಸುಮಾರು ನಾಲ್ಕು ಪಟ್ಟಾಗುತ್ತದೆ. ಆ ಅಂತರವನ್ನು ಹೆಚ್ಚು ತೂಕವಿಲ್ಲದೆ ಕಾಯ್ದುಕೊಳ್ಳುವುದೇ ಫೋಮಿನ ಕೆಲಸ.

ಸಂಜಯನಗರದ ಪಕ್ಕದಲ್ಲೇ, ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೋ ಪ್ರಧಾನ ಕಚೇರಿ ಅಂತರಿಕ್ಷ ಭವನವಿದೆ. ಉಪಗ್ರಹಗಳ ಹಲಗೆಗಳಲ್ಲೂ ಇದೇ ತತ್ವ. ಅಲ್ಲಿ ಫೋಮಿನ ಬದಲು ಜೇನುಗೂಡಿನಂಥ ಅಲ್ಯೂಮಿನಿಯಂ ಇರುತ್ತದೆ, ಅಷ್ಟೇ.

ಎಚ್ಚರ: ಅಂಟು ಬಿಟ್ಟುಕೊಂಡರೆ ಹಲಗೆಯ ಬಲ ಹೋಯಿತು. ಫೋಮಿಗೆ ನೇರವಾಗಿ ಸ್ಕ್ರೂ ಹಾಕಬೇಡಿ. ಬೋಲ್ಟ್, ಕೀಲು ಬರುವ ಕಡೆ ಒಳಗೆ ಮರದ ತುಂಡು ಕೂರಿಸಿ. ಅಂಚುಗಳಿಗೆ ನೀರು ಹೋಗದಂತೆ ಮುಚ್ಚಿ. ಫೋಮ್ ಬೇಗ ಬೆಂಕಿ ಹಿಡಿಯುತ್ತದೆ, ಆದ್ದರಿಂದ ಒಲೆಯನ್ನು ಗಾಡಿಯ ಹೊರಗೇ ಇಡಿ.

ಚಾವಣಿ ಮೇಲೇಳುವುದು ಯಾಕೆ?

ನೋಡಲು ಚೆಂದ ಎಂದಲ್ಲ. ಎತ್ತರದ ಪೆಟ್ಟಿಗೆ ಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ.ನಿಂದ 80ಕ್ಕೆ ಹೋದರೆ ತಡೆ ಸುಮಾರು 1.8 ಪಟ್ಟು. ಹೆಬ್ಬಾಳ ದಾಟಿ ದೇವನಹಳ್ಳಿ ಕಡೆಯ ಹೆದ್ದಾರಿ ಹಿಡಿದಾಗ ಇದು ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ. ಜೊತೆಗೆ ತೂಕ ಮೇಲಿದ್ದಷ್ಟೂ ತಿರುವಿನಲ್ಲಿ ಗಾಡಿ ಮಗುಚುವ ಸಾಧ್ಯತೆ ಹೆಚ್ಚು. ನಂದಿಬೆಟ್ಟದ ತಿರುವುಗಳಿಗೆ ಹೋಗುವವರು ಇದನ್ನು ಮರೆಯಬಾರದು. ಆದ್ದರಿಂದ ಓಡುವಾಗ ಚಾವಣಿ ಕೆಳಗಿರಬೇಕು, ನೀರು ಮತ್ತು ಬ್ಯಾಟರಿ ನೆಲಮಟ್ಟದಲ್ಲಿ, ಕ್ಯಾಬಿನ್ ಹತ್ತಿರ ಇರಬೇಕು.

40 ಕಿಲೋ ಚಾವಣಿಗೆ ಕಾರಿನ ಡಿಕ್ಕಿಯಲ್ಲಿ ಇರುವಂಥ ನಾಲ್ಕು ಗ್ಯಾಸ್ ಸ್ಟ್ರಟ್ ಸಾಕು. ನಾಲ್ಕರ ಒಟ್ಟು ಬಲ ಚಾವಣಿಯ ತೂಕಕ್ಕಿಂತ ತುಸು ಕಡಿಮೆ ಇರಲಿ. ಆಗ ಅದು ತಾನಾಗಿ ಚಿಮ್ಮುವುದಿಲ್ಲ, ಕೈಯಿಂದ ಸುಲಭವಾಗಿ ಏಳುತ್ತದೆ. ಎತ್ತಿದ ಮೇಲೆ ಸ್ಟ್ರಟ್ ಒಂದನ್ನೇ ನಂಬದೆ, ನಾಲ್ಕು ಮೂಲೆಗೂ ಗಟ್ಟಿ ಊರುಗೋಲು ಕೊಡಿ. ಓಡುವಾಗ ಬೀಗದ ಕೊಂಡಿ ಕಡ್ಡಾಯ.

ಮೇಲೆದ್ದ ಭಾಗದ ಗೋಡೆಗೆ ಕ್ಯಾನ್ವಾಸ್ ಬಟ್ಟೆ ಒಳ್ಳೆಯದು. ಇಬ್ಬರು ಮಲಗಿದರೆ ಉಸಿರು, ಬೆವರಿನಿಂದ ರಾತ್ರಿಗೆ ಅರ್ಧ ಲೀಟರ್‌ಗೂ ಹೆಚ್ಚು ನೀರು ಆವಿಯಾಗುತ್ತದೆ. ಪ್ಲಾಸ್ಟಿಕ್ ಟಾರ್ಪಾಲಿನ್ ಆದರೆ ಅದೆಲ್ಲಾ ಒಳಗೇ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತದೆ.

"ಕಳಚುವಂತಿದ್ದರೆ ಕಾನೂನು ಇಲ್ಲ" ನಿಜವೇ?

ಅರ್ಧ ಸತ್ಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಕೇಂದ್ರ ಕಾಯ್ದೆಯಲ್ಲಿ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಚಾಸಿಗೆ ವೆಲ್ಡ್ ಮಾಡುವುದು, ತೊಟ್ಟಿ ಕತ್ತರಿಸುವುದು ಇದರಲ್ಲಿ ಬರುತ್ತವೆ. ಕಾರ್ಖಾನೆಯಲ್ಲಿ ತಯಾರಾಗುವ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ.

ಏನನ್ನೂ ಕತ್ತರಿಸದೆ, ಇಳಿಸಬಹುದಾದ ಸರಕಿನಂತೆ ಪೆಟ್ಟಿಗೆಯನ್ನು ಕಟ್ಟಿ ಒಯ್ದರೆ ಬೇರೆ ಮಾತು. ಆದರೆ ಆಗಲೂ ಸರಕಿನ ನಿಯಮಗಳು ಬಿಡುವುದಿಲ್ಲ. ಮಿತಿ ಮೀರಿದ ತೂಕಕ್ಕೆ ಕೇಂದ್ರ ಕಾಯ್ದೆಯಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ದಂಡವಿದೆ. ಗಾಡಿಯ ಪಕ್ಕಕ್ಕೆ ಚಾಚಿಕೊಂಡರೂ 20,000. ಓಡುವಾಗ ಪೆಟ್ಟಿಗೆಯೊಳಗೆ ಯಾರೂ ಕೂರುವಂತಿಲ್ಲ, ಮಲಗುವಂತಿಲ್ಲ. ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದೇ ಇವನ್ನು. ಕೆಲಸ ಶುರು ಮಾಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮೆ ಕಂಪನಿಯಲ್ಲಿ ಲಿಖಿತವಾಗಿ ಕೇಳಿ.

ಇದ್ದಿಲು ಮತ್ತು ಕಿಟಕಿ: ಈ ಭಾಗವನ್ನು ಖಂಡಿತ ಓದಿ

ಇದ್ದಿಲು, ಸೌದೆ, ಗ್ಯಾಸ್ ಯಾವುದೇ ಆಗಲಿ, ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ.

ಹೊಗೆ ಕಾಣುವುದಿಲ್ಲ, ಹಾಗಾಗಿ ಕೆಂಡ ಸುರಕ್ಷಿತ ಎಂಬುದು ತಪ್ಪು. ಹೊಗೆಯಿಲ್ಲದ ಕೆಂಡವೇ ಈ ಅನಿಲವನ್ನು ಹೇರಳವಾಗಿ ಬಿಡುತ್ತದೆ. ಕಿಟಕಿ ಒಂದಿಂಚು ತೆರೆದರೆ ಸಾಲುವುದಿಲ್ಲ. 35 ಚದರ ಅಡಿಯ ಪೆಟ್ಟಿಗೆಯಲ್ಲಿ ಗಾಳಿ ಇರುವುದೇ ಕಡಿಮೆ.

- ಒಳಗೆ ಇದ್ದಿಲು, ಒಲೆ, ಜನರೇಟರ್ ಬೇಡ. ಚಳಿಗೆ ಕಂಬಳಿಯೇ ಮದ್ದು.
- ಇಂಜಿನ್ ಚಾಲೂ ಇಟ್ಟು ಮಲಗಬೇಡಿ.
- ಎದುರು ಬದುರು ಎರಡು ಗಾಳಿಕಿಂಡಿ ಸದಾ ತೆರೆದಿರಲಿ.
- ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಸಿಲಿಂಡರ್ ಹೊರಗಿರಲಿ.
- ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಒಂದನ್ನು ಇಟ್ಟುಕೊಳ್ಳಿ.
- ಯಾರಿಗಾದರೂ ತಲೆಸುತ್ತು ಬಂದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ.

ಕೊನೆಯ ಮಾತು

ಮೇಲೇಳುವ ಪುಟ್ಟ ಮನೆ ಕನಸಲ್ಲ, ಕೈಲಾಗುವ ಕೆಲಸವೇ. ಮೊದಲು ಆರ್‌ಸಿ ಹಿಡಿದು ತೂಕದ ಪಟ್ಟಿ ಮಾಡಿ, ಆಮೇಲೆ ಗರಗಸ ಹಿಡಿಯಿರಿ. ಮುಗಿದ ಮೇಲೆ ಸಾಮಾನು, ಜನ ಎಲ್ಲಾ ಸೇರಿಸಿ ಹತ್ತಿರದ ವೇ ಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿ. ಆ ವಿಡಿಯೊ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಇದ್ದಿಲಿನ ಮಾತನ್ನು ಓದಿದವರು ನಂಬಿಬಿಡುವ ಮುನ್ನ ಇದನ್ನೂ ಅಲ್ಲೇ ಕೆಳಗೆ ಹಾಕಿ.