ಗಡಿಯ ಭಾಷೆಗಳು ಕಾಪಾಡಿದ ಸುವಾರ್ತೆಗಳು

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ ಮತ್ತು ಯೋಹಾನ. ಆದರೆ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಸುವಾರ್ತೆಯೆಂಬ ಹೆಸರು ಹೊತ್ತ ಗ್ರಂಥಗಳು ಇನ್ನೂ ಹಲವು ಪ್ರಚಾರದಲ್ಲಿದ್ದವು. ತೋಮನ ಹೆಸರಿನದೊಂದು, ಪೇತ್ರನ ಹೆಸರಿನದೊಂದು, ಮಗ್ದಲದ ಮರಿಯಳ ಹೆಸರಿನದೊಂದು. ಸಭೆಯ ಅಂಗೀಕಾರ ದೊರೆಯದೆ ಹೊರಗುಳಿದ ಇಂತಹ ಬರಹಗಳನ್ನು ವಿದ್ವಾಂಸರು ‘ಅಪೋಕ್ರಿಫಾ’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಪದದ ಮೂಲಾರ್ಥ ‘ಮರೆಯಲ್ಲಿಟ್ಟದ್ದು’.

ಜಹೀರಾಬಾದ, ನಾರಾಯಣಖೇಡ, ತಾಂಡೂರಿನ ಕನ್ನಡಿಗರು ಕೂಡಿ ನಡೆಸುವ ಸಾಹಿತ್ಯ ಸಮಾವೇಶದ ಸಂಚಿಕೆಗೆ ಇಷ್ಟು ದೂರದ ವಿಷಯವೇಕೆ ಎಂದು ಓದುಗರು ಕೇಳಿದರೆ ಅದು ನ್ಯಾಯವೇ. ಈ ಗ್ರಂಥಗಳಲ್ಲಿ ಹಲವು ಉಳಿದುಬಂದದ್ದು ಸಾಮ್ರಾಜ್ಯದ ರಾಜಧಾನಿಗಳಲ್ಲಿ ಅಲ್ಲ, ಅದರ ಅಂಚಿನ ಊರುಗಳಲ್ಲಿ ಮತ್ತು ಅಂಚಿನ ಜನರ ಭಾಷೆಗಳಲ್ಲಿ. ಅವುಗಳ ಮೂಲವನ್ನು ಹುಡುಕುವ ಕ್ರಮವಾದರೋ, ಕಲ್ಯಾಣದ ನೆರೆಯಲ್ಲಿ ವಚನಗಳನ್ನು ಓದುತ್ತ ಬೆಳೆದ ನಮಗೆ ಹೊಸದಲ್ಲ.

ಹೊರಗುಳಿದವು ಎಂದಮಾತ್ರಕ್ಕೆ ಈ ಸುವಾರ್ತೆಗಳು ಜನಮನದಿಂದ ಅಳಿದುಹೋದವೆಂದು ತಿಳಿಯಲಾಗದು. ಕ್ರಿಸ್ಮಸ್ ಸಮಯದಲ್ಲಿ ಕಟ್ಟುವ ಗೋದಲಿಯಲ್ಲಿ ಎತ್ತು ಮತ್ತು ಕತ್ತೆ ಶಿಶುವಿನ ಬಳಿ ನಿಂತಿರುತ್ತವೆ. ನಾಲ್ಕು ಸುವಾರ್ತೆಗಳ ಜನನವೃತ್ತಾಂತದಲ್ಲಿ ಅವುಗಳ ಸುಳಿವಿಲ್ಲ. ಅವು ಬರುವುದು ಮತ್ತಾಯನ ಹೆಸರಿನಲ್ಲಿ ಬಹಳ ತಡವಾಗಿ ಹುಟ್ಟಿದ ಲ್ಯಾಟಿನ್ ಗ್ರಂಥವೊಂದರಲ್ಲಿ. ಮರಿಯಳ ತಂದೆತಾಯಿಗಳಾದ ಯೋವಾಕೀಮ ಮತ್ತು ಅನ್ನಾ ಎರಡನೆಯ ಶತಮಾನದ ‘ಯಾಕೋಬನ ಆದಿ ಸುವಾರ್ತೆ’ಯಿಂದ ಬಂದವರು. ಶಿಲುಬೆಯ ಎಡಬಲಗಳಲ್ಲಿದ್ದ ಕಳ್ಳರಿಗೆ ಹೆಸರು ಕೊಟ್ಟದ್ದು ‘ನಿಕೊದೇಮನ ಸುವಾರ್ತೆ’. ಬಾಲಯೇಸು ಮಣ್ಣಿನ ಹಕ್ಕಿಗಳನ್ನು ಮಾಡಿ ಅವಕ್ಕೆ ಜೀವಕೊಟ್ಟ ಕಥೆ ತೋಮನ ಹೆಸರಿನ ಬಾಲ್ಯ ಸುವಾರ್ತೆಯಲ್ಲಿದೆ. ನಮ್ಮ ನೆರೆಹೊರೆಯ ಮುಸಲ್ಮಾನ ಬಂಧುಗಳು ಪಠಿಸುವ ಖುರಾನಿನಲ್ಲಿಯೂ ಹಜರತ್ ಈಸಾರ ಪ್ರಸಂಗದಲ್ಲಿ ಆ ಹಕ್ಕಿಗಳ ಉಲ್ಲೇಖವಿದೆ. ಗ್ರಂಥವನ್ನು ಹೊರಗಿಡಬಹುದು, ಕಥೆಯನ್ನು ಹೊರಗಿಡುವುದು ಕಷ್ಟ.

ಹೊರಗಿಡುವ ಕಾರ್ಯವೂ ಒಂದೇ ದಿನದಲ್ಲಿ, ಒಬ್ಬನೇ ಅರಸನ ಆಜ್ಞೆಯಿಂದ ನಡೆದದ್ದಲ್ಲ. ಲಿಯೋನಿನ ಬಿಷಪ್ ಐರೇನಿಯಸ್ ಸುಮಾರು 180ರಲ್ಲಿ ಸುವಾರ್ತೆಗಳು ನಾಲ್ಕೇ ಎಂದು ವಾದಿಸಿದ. ಸುಮಾರು 200ರಲ್ಲಿ ಅಂತಿಯೋಕ್ಯದ ಬಿಷಪ್ ಸೆರಾಪಿಯನ್ ಎಂಬವನು ರೋಸಸ್ ಎಂಬ ಊರಿನವರಿಗೆ ಪೇತ್ರನ ಸುವಾರ್ತೆಯನ್ನು ಓದಿಕೊಳ್ಳಲು ಮೊದಲು ಅನುಮತಿ ಕೊಟ್ಟು, ತಾನೇ ಅದನ್ನು ಓದಿದ ಮೇಲೆ ಅನುಮತಿಯನ್ನು ಹಿಂತೆಗೆದುಕೊಂಡ. ಓದದೆಯೇ ಒಪ್ಪಿದ, ಓದಿ ನಿರಾಕರಿಸಿದ ಈ ಬಿಷಪ್ಪನ ನೇರತನ ಮೆಚ್ಚತಕ್ಕದ್ದು! ಇಂದಿನ ಇಪ್ಪತ್ತೇಳು ಪುಸ್ತಕಗಳ ಪಟ್ಟಿ ಯಥಾವತ್ತಾಗಿ ಮೊದಲು ಕಾಣುವುದು ಅಲೆಕ್ಸಾಂಡ್ರಿಯದ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ. ಪೇತ್ರನ ಸುವಾರ್ತೆ ಅನಂತರ ಕಣ್ಮರೆಯಾಗಿ, 1886-87ರ ಚಳಿಗಾಲದಲ್ಲಿ ಈಜಿಪ್ತಿನ ಅಖ್ಮೀಮ್‌ನಲ್ಲಿ ಸನ್ಯಾಸಿಯೊಬ್ಬನದೆಂದು ಹೇಳಲಾದ ಸಮಾಧಿಯಲ್ಲಿ ಭಾಗಶಃ ದೊರೆಯಿತು.

ಇದಕ್ಕಿಂತ ದೊಡ್ಡ ಶೋಧ ನಡೆದದ್ದು ತಿಪ್ಪೆಯಲ್ಲಿ. ಕೈರೋ ನಗರದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣವಿತ್ತು. ಮಳೆಯೇ ಇಲ್ಲದ ಆ ಸೀಮೆಯಲ್ಲಿ ಪಟ್ಟಣದವರು ನೂರಾರು ವರ್ಷ ಎಸೆದ ಕಾಗದಪತ್ರಗಳು ಮರಳಿನಡಿ ಕೊಳೆಯದೆ ಉಳಿದಿದ್ದವು. ಆಕ್ಸ್‌ಫರ್ಡಿನ ತರುಣ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ 1897ರ ಜನವರಿಯಲ್ಲಿ ಅಲ್ಲಿ ಅಗೆಯತೊಡಗಿದ ಆರಂಭದಲ್ಲಿಯೇ ‘ಯೇಸು ಹೇಳುತ್ತಾನೆ’ ಎಂದು ಆರಂಭವಾಗುವ ಮಾತುಗಳಿದ್ದ ಒಂದು ಗ್ರೀಕ್ ಹಾಳೆ ಸಿಕ್ಕಿತು. ಅಂತಹವೇ ಇನ್ನೆರಡು ತುಣುಕುಗಳು ಮುಂದೆ ಸಿಕ್ಕವು. ಅವುಗಳಲ್ಲೊಂದನ್ನು ಬರೆದಿರುವುದು ಹೊಲಗಳ ಅಳತೆಯ ಹಳೆಯ ಪಟ್ಟಿಯೊಂದರ ಹಿಂಬದಿಯಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಯಾರೋ ಬಡ ಭಕ್ತನೊಬ್ಬ ರದ್ದಾದ ಪಹಣಿಯ ಬೆನ್ನ ಮೇಲೆ ತನ್ನ ಗುರುವಿನ ಮಾತುಗಳನ್ನು ಬರೆದುಕೊಂಡಿದ್ದ. ಇವು ಯಾವ ಗ್ರಂಥದ ಹಾಳೆಗಳು ಎಂಬುದು ಮುಂದಿನ ಅರ್ಧ ಶತಮಾನ ಖಚಿತವಾಗಲಿಲ್ಲ.

ಇದೇ ತಿಪ್ಪೆಗೂ ಕನ್ನಡಕ್ಕೂ ಒಂದು ನಂಟಿನ ಚರ್ಚೆ ಇರುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ ದೊರೆತು 1903ರಲ್ಲಿ 413ನೆಯ ಸಂಖ್ಯೆಯಾಗಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ, ಭಾರತದ ಕರಾವಳಿಯಲ್ಲಿ ಸೆರೆಯಾದ ಕ್ಯಾರಿಟಿಯನ್ ಎಂಬ ಗ್ರೀಕ್ ಯುವತಿಯನ್ನು ಅವಳವರು ಅಲ್ಲಿಯ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ರಾಜನೂ ಅವನ ಕಡೆಯವರೂ ಆಡುವ ಗ್ರೀಕ್ ಅಲ್ಲದ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಚ್ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು ಆ ದಿಕ್ಕಿನಲ್ಲಿ ಮುಂದುವರಿದರು, ಲಂಡನ್ನಿನ ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ. ಇನ್ನೊಂದು ಗಡಿಯಾದ ಕಾಸರಗೋಡಿನ ಮಂಜೇಶ್ವರದಲ್ಲಿದ್ದು ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಕಾವ್ಯವನ್ನು ಬರೆದ ಗೋವಿಂದ ಪೈಯವರೂ ಈ ಚರ್ಚೆಯಲ್ಲಿ ಆಸಕ್ತರಾಗಿದ್ದರು. ಆ ಮಾತುಗಳು ಕನ್ನಡವೇ ಎಂದು ಸಿದ್ಧವಾಗಿದೆಯೆಂದು ನಾನು ಹೇಳಲಾರೆ. ನಮ್ಮ ಭಾಷೆಯ ಪ್ರಾಚೀನತೆಗೆ ಹಲ್ಮಿಡಿ ಶಾಸನದಂತಹ ಗಟ್ಟಿ ಆಧಾರಗಳಿರುವಾಗ ಸಂದಿಗ್ಧವಾದುದನ್ನು ಸಂದಿಗ್ಧವೆಂದೇ ಇಟ್ಟುಕೊಳ್ಳುವುದರಲ್ಲಿ ನಷ್ಟವೇನೂ ಇಲ್ಲ.

ಆ ಮೂರು ತುಣುಕುಗಳ ಒಗಟು ಬಿಡಿಸಿದ್ದು ಇನ್ನೊಂದು ಶೋಧ. 1945ರಲ್ಲಿ ಈಜಿಪ್ತಿನ ನಾಗ್ ಹಮ್ಮಾದಿ ಊರಿನ ಸಮೀಪ ರೈತರ ಕೈಗೆ ಹದಿಮೂರು ಪುಸ್ತಕಗಳ ಒಂದು ಭಂಡಾರ ಸಿಕ್ಕಿತು. ಅವು ಈಜಿಪ್ತಿನ ನಾಡಭಾಷೆಯಾದ ಕಾಪ್ಟಿಕ್‌ನಲ್ಲಿದ್ದವು. ಅವುಗಳಲ್ಲೊಂದರಲ್ಲಿ ಯೇಸುವಿನ 114 ಮಾತುಗಳ ಸಂಗ್ರಹವಿದ್ದು, ಕೊನೆಯಲ್ಲಿ ‘ತೋಮನ ಪ್ರಕಾರ ಸುವಾರ್ತೆ’ ಎಂದು ಬರೆದಿತ್ತು. ಆಕ್ಸಿರಿಂಕಸ್ಸಿನ ಗ್ರೀಕ್ ತುಣುಕುಗಳು ಇದೇ ಗ್ರಂಥದವು ಎಂದು 1950ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಪ್ಯೂಶ್ ಗುರುತಿಸಿದರು. ಮೂಲದ ಭಾಷೆಯಲ್ಲಿ ಮೂರು ಹರಕು, ಅನುವಾದದಲ್ಲಿ ಇಡೀ ಗ್ರಂಥ!

ಪುಸ್ತಕಗಳ ಕಾಲವನ್ನು ಹೇಗೆ ತಿಳಿದರು ಎಂಬುದೂ ಸ್ವಾರಸ್ಯದ ಸಂಗತಿ. ಚರ್ಮದ ಹೊದಿಕೆ ಗಟ್ಟಿಯಾಗಲೆಂದು ರಟ್ಟು ಕಟ್ಟಿದವನು ಒಳಗೆ ಹಳೆಯ ರದ್ದಿಪತ್ರಗಳನ್ನು ತುಂಬಿದ್ದ. ಒಂದು ಪುಸ್ತಕದ ರಟ್ಟಿನೊಳಗಿನ ಪತ್ರಗಳಲ್ಲಿ 341, 346 ಮತ್ತು 348ನೆಯ ಇಸವಿಗೆ ಸಲ್ಲುವ ತೇದಿಗಳಿದ್ದವು. ಹಾಗಾದರೆ ರಟ್ಟು ಕಟ್ಟಿದ್ದು 348ಕ್ಕಿಂತ ಮುಂಚೆ ಅಲ್ಲ. ಆದರೆ ಪ್ರತಿಯ ಕಾಲ ಬೇರೆ, ಕೃತಿಯ ಕಾಲ ಬೇರೆ, ಕೃತಿಯೊಳಗಿನ ಮಾತಿನ ಕಾಲ ಇನ್ನೂ ಬೇರೆ. ಗ್ರೀಕ್ ತುಣುಕುಗಳಲ್ಲಿ ಮೊದಲು ಸಿಕ್ಕ ಹಾಳೆ ಸುಮಾರು 200ರದು. ಆದ್ದರಿಂದ ಕೃತಿ ಅದಕ್ಕಿಂತ ಹಿಂದಿನದು. ಎಷ್ಟು ಹಿಂದಿನದು ಎಂಬಲ್ಲಿ ವಿದ್ವಾಂಸರು ಇಂದಿಗೂ ಎರಡು ಪಕ್ಷ. ಕೆಲವರು ಅದರ ಕೆಲವು ಪದರಗಳನ್ನು ಮೊದಲ ಶತಮಾನಕ್ಕೆ ಒಯ್ಯುತ್ತಾರೆ. ಇತರರು ಇಡೀ ಕೃತಿ ನಾಲ್ಕು ಸುವಾರ್ತೆಗಳನ್ನು ಬಲ್ಲ ಎರಡನೆಯ ಶತಮಾನದ ರಚನೆ ಎನ್ನುತ್ತಾರೆ.

ಅದು ಹುಟ್ಟಿದ ಊರಿನ ಬಗ್ಗೆ ಸುಳಿವು ಕೊಡುವುದು ಒಂದು ಹೆಸರು. ಗ್ರಂಥದ ಆರಂಭದಲ್ಲಿ ಶಿಷ್ಯನನ್ನು ‘ದಿದುಮ ಯೂದ ತೋಮ’ ಎಂದಿದೆ. ತೋಮ ಎಂದರೆ ಅರಮಾಯಿಕ್‌ನಲ್ಲಿ ಅವಳಿ. ದಿದುಮ ಎಂದರೆ ಗ್ರೀಕ್‌ನಲ್ಲಿ ಅದೇ ಅವಳಿ. ‘ಯೂದ ತೋಮ’ ಎಂಬ ಜೋಡಿ ಹೆಸರು ಸಿರಿಯಾಕ್ ಭಾಷೆಯ ಕ್ರೈಸ್ತರ ರೂಢಿ. ಹೀಗಾಗಿ ಅನೇಕರು ಇದರ ತವರು ಎಡೆಸ್ಸಾ, ಅಂದರೆ ಇಂದಿನ ತುರ್ಕಿಯ ಉರ್ಫಾ, ಎಂದು ಊಹಿಸುತ್ತಾರೆ. ರೋಮ್ ಮತ್ತು ಪಾರ್ಥಿಯ ಎಂಬ ಎರಡು ಸಾಮ್ರಾಜ್ಯಗಳ ನಡುವೆ ಸಿಕ್ಕಿದ್ದ ಆ ಊರಿನಲ್ಲಿ ಸಿರಿಯಾಕ್ ಮನೆಮಾತು, ಗ್ರೀಕ್ ದೊಡ್ಡವರ ಮಾತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಆಡುವ ನಮಗೆ, ಒಂದೇ ಅರ್ಥದ ಎರಡು ಭಾಷೆಯ ಪದಗಳು ಒಬ್ಬನ ಹೆಸರಾಗಿ ಕೂಡಿಕೊಂಡದ್ದು ವಿಚಿತ್ರವಾಗಿ ತೋರದು.

ಮೂರನೆಯ ಶತಮಾನದ ‘ತೋಮನ ಕಾರ್ಯಗಳು’ ಎಂಬ ಗ್ರಂಥವೂ ಅದೇ ಸೀಮೆಯದು. ಅದರಲ್ಲಿ ತೋಮನು ಬಡಗಿಯಾಗಿ ಭಾರತಕ್ಕೆ ಬಂದು, ಗುಂದಫರ ಎಂಬ ರಾಜನು ಅರಮನೆ ಕಟ್ಟಲು ಕೊಟ್ಟ ಹಣವನ್ನೆಲ್ಲ ಬಡವರಿಗೆ ಹಂಚಿ, ಅರಮನೆ ಪರಲೋಕದಲ್ಲಿ ಎದ್ದಿದೆ ಎನ್ನುತ್ತಾನೆ. ಕಟ್ಟುಕಥೆಯೇ ಸರಿ. ಆದರೆ ಇತಿಹಾಸ ಮರೆತಿದ್ದ ಆ ರಾಜನ ಹೆಸರಿನ ನಾಣ್ಯಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ದೊರೆತವು. ತೋಮನ ಪ್ರಯಾಣ ಅದರಿಂದ ಸಿದ್ಧವಾಗಲಿಲ್ಲ, ರಾಜನು ಇದ್ದದ್ದು ಮಾತ್ರ ಸಿದ್ಧವಾಯಿತು. ಮರಿಯಳ ಸುವಾರ್ತೆ ಹೆಚ್ಚಾಗಿ ಉಳಿದದ್ದು ಕಾಪ್ಟಿಕ್‌ನಲ್ಲಿ. ‘ಅಪೊಸ್ತಲರ ಪತ್ರ’ ಎಂಬ ಕೃತಿ ಪೂರ್ಣವಾಗಿ ಸಿಕ್ಕಿದ್ದು ಇಥಿಯೋಪಿಯದ ಗೀಜ್ ಭಾಷೆಯಲ್ಲಿ. ಅಂಚಿನ ಭಾಷೆಯವರು ಬರೆದಿಟ್ಟುಕೊಂಡಿರದಿದ್ದರೆ ಇವುಗಳ ಸ್ವರೂಪವೇ ತಿಳಿಯುತ್ತಿರಲಿಲ್ಲ.

ತೋಮನ ಸುವಾರ್ತೆಯಲ್ಲಿ ಕಥೆಯಿಲ್ಲ, ಜನನವಿಲ್ಲ, ಶಿಲುಬೆಯಿಲ್ಲ; ಬರೀ ಮಾತುಗಳು. ವಚನದ ಕಟ್ಟುಗಳನ್ನು ಕಂಡವರಿಗೆ ಈ ಬಗೆ ಪರಿಚಿತ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ಯಾಗಿಸಿದರು. ಮಾತು ಮೊದಲು, ಸಂದರ್ಭ ಆಮೇಲೆ. ಮತ್ತಾಯ, ಲೂಕರು ಇಂತಹ ಒಂದು ಮಾತುಗಳ ಸಂಗ್ರಹವನ್ನು ಬಳಸಿರಬೇಕೆಂದು ಯುರೋಪಿನ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತರ್ಕಿಸಿದ್ದರು. ಆ ಸಂಗ್ರಹ ಸಿಕ್ಕಿಲ್ಲ. ಆದರೆ ಅಂತಹ ರೂಪದ ಗ್ರಂಥಗಳು ಇದ್ದವು ಎಂಬುದನ್ನು ತೋಮನ ಸುವಾರ್ತೆ ತೋರಿಸಿತು.

ಈ ಎರಡೂ ಲೋಕಗಳನ್ನು ಬಲ್ಲವರೊಬ್ಬರು ನಮ್ಮಲ್ಲಿದ್ದರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಜನರ ಬಾಯಲ್ಲೂ ಹಸ್ತಪ್ರತಿಗಳಲ್ಲೂ ಚೆದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನ ಹೆಸರಿದ್ದ ಮಾತ್ರಕ್ಕೆ ತ್ರಿಪದಿ ಸರ್ವಜ್ಞನದಾಗದು, ತೋಮನ ಹೆಸರಿದ್ದ ಮಾತ್ರಕ್ಕೆ ಸುವಾರ್ತೆ ತೋಮನದಾಗದು. ಪ್ರಕ್ಷಿಪ್ತವೆಂದು ತಿಳಿದದ್ದನ್ನೂ ಬಿಸಾಡಬಾರದು. ಅದನ್ನು ಸೇರಿಸಿದವರ ಕಾಲ, ಅಗತ್ಯಗಳಿಗೆ ಅದೇ ಸಾಕ್ಷಿ. ಕಲ್ಯಾಣದ ಅನುಭವ ಮಂಟಪದ ಐತಿಹಾಸಿಕತೆಯನ್ನೂ ವಿವೇಚಿಸಿದ ಅವರು 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಆಗ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು, ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ಪುನರ್ವಿಂಗಡಣೆ ನಮ್ಮನ್ನು ಈಚೆಗೆ ಇರಿಸಿತು.

ವಿವೇಚನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ನಿದರ್ಶನವಿದೆ. 2012ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕಿ ಕ್ಯಾರೆನ್ ಕಿಂಗ್ ಒಂದು ಕಾಪ್ಟಿಕ್ ತುಣುಕನ್ನು ಪ್ರಕಟಪಡಿಸಿದರು. ಅದರಲ್ಲಿ ಯೇಸು ‘ನನ್ನ ಹೆಂಡತಿ’ ಎನ್ನುವ ಮಾತಿತ್ತು. ಪಪೈರಸ್ ನಿಜವಾಗಿಯೂ ಹಳೆಯದೇ. ಆದರೆ ಅದರ ಸಾಲುಗಳು ತೋಮನ ಸುವಾರ್ತೆಯ ಸಾಲುಗಳನ್ನು ಕತ್ತರಿಸಿ ಅಂಟಿಸಿದಂತಿದ್ದವು. ಅಂತರ್ಜಾಲದಲ್ಲಿದ್ದ ಪಾಠವೊಂದರ ಅಚ್ಚಿನ ತಪ್ಪು ಕೂಡ ಹಾಗೆಯೇ ಇಳಿದಿತ್ತು. 2016ರಲ್ಲಿ ತುಣುಕಿನ ಒಡೆಯನ ಪೂರ್ವಾಪರ ಬಯಲಾದ ಮೇಲೆ ಅದು ಕೂಟಸೃಷ್ಟಿಯಿರಬೇಕೆಂದು ಕಿಂಗ್ ಅವರೇ ಒಪ್ಪಿದರು. ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು ಎಂಬ ಪ್ರಶ್ನೆಯನ್ನು ಮೊದಲೇ ಬಿಗಿಯಾಗಿ ಕೇಳಬೇಕಿತ್ತು. ಮನೆಯ ಅಟ್ಟದಿಂದ ತಾಳೆಗರಿ ಇಳಿಸಿದಾಗ ನಮ್ಮ ಹುಡುಗರೂ ಮೊದಲು ಬರೆದಿಡಬೇಕಾದದ್ದು ಊರು, ಮನೆತನ ಮತ್ತು ಯಾವ ಕಟ್ಟಿನಲ್ಲಿ ಇತ್ತು ಎಂಬುದನ್ನೇ.

ಆಕ್ಸಿರಿಂಕಸ್ಸಿನ ತಿಪ್ಪೆಯಿಂದ ಒಯ್ದ ಲಕ್ಷಾಂತರ ತುಣುಕುಗಳು ಆಕ್ಸ್‌ಫರ್ಡಿನಲ್ಲಿವೆ. 1898ರಿಂದ ಎಂಬತ್ತಕ್ಕೂ ಹೆಚ್ಚು ಸಂಪುಟಗಳು ಹೊರಬಂದರೂ ಓದಿ ಮುಗಿದದ್ದು ಅಲ್ಪಭಾಗ. 2023ರಲ್ಲಿ 5575ನೆಯ ಸಂಖ್ಯೆಯಾಗಿ ಎರಡನೆಯ ಶತಮಾನದ ಒಂದು ಹರಕು ಪ್ರಕಟವಾಯಿತು. ಅನ್ನಬಟ್ಟೆಗಳ ಚಿಂತೆ ಬೇಡವೆನ್ನುವ ಯೇಸುವಿನ ಮಾತುಗಳು ಅದರಲ್ಲಿವೆ. ಒಂದಷ್ಟು ಮತ್ತಾಯನಂತೆ, ಒಂದಷ್ಟು ಲೂಕನಂತೆ, ಒಂದಷ್ಟು ತೋಮನಂತೆ. ಪೂರ್ತಿಯಾಗಿ ಯಾರಂತೆಯೂ ಅಲ್ಲ. ಉಳಿದವು ಪೆಟ್ಟಿಗೆಗಳಲ್ಲಿ ಓದುವವರಿಗಾಗಿ ಕಾದಿವೆ.